ಅಧ್ಯಕ್ಷರ ಕುರ್ಚಿ ಖಾಲಿಯಾದಾಗ ಊರಿನವರು ನೋಡಬೇಕಾದ್ದೇನು?

ನಮ್ಮ ಬೀದಿಯ ಚರಂಡಿ ಕೆಲಸಕ್ಕೆ ಅಂತ ಒಮ್ಮೆ ಪುರಸಭೆ ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದೆ. ಮೇಜಿನ ಆಚೆ ಕೂತವರು "ಈಗ ಅಧ್ಯಕ್ಷರಿಲ್ಲ, ಆಯ್ಕೆ ಆಗಲಿ, ಆಮೇಲೆ ಬನ್ನಿ" ಅಂದರು. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ನಾಲ್ಕನೇ ಸಲ ಪಕ್ಕದ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಜೊತೆಗೆ ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಡಳಿತಾಧಿಕಾರಿ ಯಾರು ಸ್ವಾಮಿ? ಅವರ ಹೆಸರಿಗೇ ಬರೆದುಕೊಡ್ತೀವಿ." ಅರ್ಜಿಗೆ ಸೀಲು ಬಿತ್ತು. ಅದೇ ವಾರ ಕಡತ ಮೇಲೆ ಹೋಯಿತು.

ಅವತ್ತು ನನಗೆ ಒಂದು ವಿಷಯ ಗಟ್ಟಿಯಾಯಿತು. ಕುರ್ಚಿ ಖಾಲಿ ಇರಬಹುದು, ಅಧಿಕಾರ ಮಾತ್ರ ಒಂದು ದಿನವೂ ಖಾಲಿ ಇರುವುದಿಲ್ಲ. ಅದು ಯಾರ ಕೈಯಲ್ಲೋ ಇದ್ದೇ ಇರುತ್ತದೆ. ಅದು ಯಾರ ಕೈಯಲ್ಲಿ, ಯಾವ ಕಾಗದದ ಮೇಲೆ ಇದೆ ಅಂತ ಗೊತ್ತಿಲ್ಲದಿದ್ದರೆ ನಾವು ಸುಮ್ನೆ ಓಡಾಡುತ್ತೇವೆ. ಕರ್ನಾಟಕದ ಊರುಗಳಲ್ಲಿ ಅಧ್ಯಕ್ಷ ಅಥವಾ ಮೇಯರ್ ಗಾದಿಗೆ ಜಗಳ ಎದ್ದಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

1. ನಿಮ್ಮದು ಯಾವ ಸಂಸ್ಥೆ ಅಂತ ಮೊದಲು ತಿಳಿದುಕೊಳ್ಳಿ

ಕರ್ನಾಟಕದಲ್ಲಿ ಎರಡು ದೊಡ್ಡ ಕಾಯ್ದೆಗಳಿವೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮೂರಕ್ಕೂ 1964ರ ಪುರಸಭೆಗಳ ಕಾಯ್ದೆ. ಮಹಾನಗರ ಪಾಲಿಕೆಗಳಿಗೆ 1976ರ ಪಾಲಿಕೆಗಳ ಕಾಯ್ದೆ. ಬೆಂಗಳೂರಿನ ದಾರಿಯೇ ಬೇರೆ. ಅಲ್ಲಿ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಇದೆ, 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು.

ಇದು ಯಾಕೆ ಮುಖ್ಯ ಅಂದರೆ, ನಿಯಮ ಒಂದೊಂದು ಕಡೆ ಒಂದೊಂದು ಥರ. ನಗರಸಭೆ, ಪುರಸಭೆಗಳ ಅಧ್ಯಕ್ಷರಿಗೆ 30 ತಿಂಗಳ ಅವಧಿ. ಅಂದರೆ ಐದು ವರ್ಷದಲ್ಲಿ ಎರಡು ಸರದಿ. 1976ರ ಕಾಯ್ದೆಯ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದು ವರ್ಷ ಅಂತ ನಡೆದುಬಂದಿದೆ. ಹಾಗಾಗಿ ಮೈಸೂರಿನ ಸುದ್ದಿ ಓದಿ ಸಾಗರದ ನಗರಸಭೆಗೆ ಅದೇ ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

2. ಕುರ್ಚಿ ಯಾಕೆ ಖಾಲಿಯಾಯಿತು?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅವಧಿ ಮುಗಿದಿರಬಹುದು. ರಾಜೀನಾಮೆ ಕೊಟ್ಟಿರಬಹುದು. ಅಧ್ಯಕ್ಷರು ತೀರಿಕೊಂಡಿರಬಹುದು. ಅವಿಶ್ವಾಸ ಗೊತ್ತುವಳಿ ಪಾಸಾಗಿರಬಹುದು. ಕೋರ್ಟು ಅವರ ಸದಸ್ಯತ್ವವನ್ನೇ ರದ್ದು ಮಾಡಿರಬಹುದು. ಇಲ್ಲವೇ ಇಡೀ ಕೌನ್ಸಿಲ್ಲೇ, ಅಂದರೆ ಗೆದ್ದ ಸದಸ್ಯರೆಲ್ಲರ ಮಂಡಳಿಯೇ, ಮುಗಿದುಹೋಗಿರಬಹುದು. ಮುಂದಿನ ದಾರಿ ಪ್ರತಿಯೊಂದಕ್ಕೂ ಬೇರೆ.

ಸದಸ್ಯತ್ವ ರದ್ದಾದಾಗ ಏನಾಗುತ್ತದೆ ಅನ್ನುವುದಕ್ಕೆ ಮೈಸೂರು ಒಳ್ಳೆಯ ಪಾಠ. 2021ರ ಫೆಬ್ರವರಿಯಲ್ಲಿ ಜೆಡಿಎಸ್‌ನ ರುಕ್ಮಿಣಿ ಮಾದೇಗೌಡ ಮೇಯರ್ ಆದರು. ಆದರೆ ಅವರ ವಾರ್ಡ್ ಚುನಾವಣೆಯ ಮೇಲೆ ಆಸ್ತಿ ವಿವರದ ವಿಚಾರದಲ್ಲಿ ಕೇಸು ಮೊದಲೇ ಇತ್ತು. ಆ ವಾರ್ಡ್ ಆಯ್ಕೆ ಅಸಿಂಧು ಅಂದಿದ್ದ ಕೆಳ ಕೋರ್ಟಿನ ತೀರ್ಪನ್ನು ಹೈಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಮೇಯರ್ ಚುನಾವಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಕಾರ್ಪೊರೇಟರ್ ಸ್ಥಾನ ಹೋದ ಮೇಲೆ ಮೇಯರ್ ಸ್ಥಾನ ನಿಲ್ಲಲು ನೆಲವೇ ಇಲ್ಲ. ಉಪಮೇಯರ್ ಅನ್ವರ್ ಬೇಗ್ ಪ್ರಭಾರ ಮೇಯರ್ ಆದರು. ಆಗಸ್ಟ್‌ನಲ್ಲಿ ಹೊಸ ಆಯ್ಕೆ ನಡೆದು ಬಿಜೆಪಿಯ ಸುನಂದಾ ಪಾಲನೇತ್ರ ಗೆದ್ದರು. ಮೈಸೂರಿನಲ್ಲಿ ಬಿಜೆಪಿಗೆ ಅದೇ ಮೊದಲ ಮೇಯರ್ ಪಟ್ಟ. ಒಂದು ವಾರ್ಡಿನ ಅಫಿಡವಿಟ್‌ನಿಂದ ಶುರುವಾದ ಕೇಸು ಇಡೀ ಪಾಲಿಕೆಯ ಆಡಳಿತವನ್ನೇ ಬದಲಿಸಿತು.

ಹಾಗಾಗಿ ಯಾರಾದರೂ ಹೊಸದಾಗಿ ಅಧ್ಯಕ್ಷರಾದಾಗ ಹಾರದ ಫೋಟೊ ಮಾತ್ರ ನೋಡಬೇಡಿ. ಅವರ ವಾರ್ಡ್ ಆಯ್ಕೆಯ ಮೇಲೆ ಕೇಸು ಇದೆಯಾ, ಸ್ಥಳೀಯ ಸಂಸ್ಥೆಯ ಗುತ್ತಿಗೆ ಅಥವಾ ಮಳಿಗೆಯಲ್ಲಿ ಅವರ ಪಾಲು ಇದೆ ಅನ್ನುವ ದೂರು ಇದೆಯಾ ಅಂತಲೂ ವಿಚಾರಿಸಿ. ಸದಸ್ಯರು ಅನರ್ಹರಾಗಲು ಇವೂ ಕಾರಣ ಆಗುತ್ತವೆ.

3. ಇವತ್ತು ಪ್ರಭಾರ ಯಾರದ್ದು?

ಅಧ್ಯಕ್ಷರ ಸ್ಥಾನ ಮಾತ್ರ ಖಾಲಿಯಾಗಿ ಕೌನ್ಸಿಲ್ ಇನ್ನೂ ಇದ್ದರೆ, ಉಪಾಧ್ಯಕ್ಷರು ಕೆಲಸ ನೋಡಿಕೊಳ್ಳುತ್ತಾರೆ. ಪಾಲಿಕೆಯಲ್ಲಿ ಉಪಮೇಯರ್. ಇದು ತಾತ್ಕಾಲಿಕ ವ್ಯವಸ್ಥೆ, ಬಡ್ತಿ ಅಲ್ಲ. ಉಪಾಧ್ಯಕ್ಷರು ತಾವಾಗಿಯೇ ಅಧ್ಯಕ್ಷರಾಗಿಬಿಡುವುದಿಲ್ಲ, ಹೊಸ ಆಯ್ಕೆ ಆಗಲೇಬೇಕು. ಹಳ್ಳಿಯಿಂದ ಪೇಟೆಯವರೆಗೆ ಎಷ್ಟೋ ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ.

ಅಧ್ಯಕ್ಷ, ಉಪಾಧ್ಯಕ್ಷ ಎರಡೂ ಸ್ಥಾನ ಖಾಲಿಯಾಗಿದ್ದರೆ, ಇಡೀ ಕೌನ್ಸಿಲ್‌ನ ಅವಧಿ ಮುಗಿದಿದ್ದರೆ ಅಥವಾ ಸರ್ಕಾರ ಅದನ್ನು ಸೂಪರ್‌ಸೀಡ್ ಮಾಡಿದ್ದರೆ (ಅಂದರೆ ಅದರ ಅಧಿಕಾರ ಕಿತ್ತುಕೊಂಡಿದ್ದರೆ), ಆಡಳಿತಾಧಿಕಾರಿ ಬರುತ್ತಾರೆ. ಪುರಸಭೆ, ನಗರಸಭೆಗಳಲ್ಲಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಯಂಥ ಕಂದಾಯ ಅಧಿಕಾರಿಗಳಿಗೆ ಈ ಹೊಣೆ ಬೀಳುತ್ತದೆ. 2011ರ ಡಿಸೆಂಬರ್‌ನಲ್ಲಿ ಬೆಳಗಾವಿ ಪಾಲಿಕೆ ಸೂಪರ್‌ಸೀಡ್ ಆಗಿದ್ದು ನೆನಪಿರಬಹುದು. ನವೆಂಬರ್ 1ರಂದು ಅಲ್ಲಿನ ಮೇಯರ್, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕರಾಳ ದಿನದ ಮೆರವಣಿಗೆಗೆ ಹೋದದ್ದರಿಂದ ಎದ್ದ ವಿವಾದ ಅಲ್ಲಿಗೆ ಮುಟ್ಟಿತು.

ಇನ್ನೊಂದು ಮಾತು. ಕುರ್ಚಿಯಲ್ಲಿ ಯಾರೇ ಇರಲಿ, ದಿನದ ಕೆಲಸ ಮಾಡಿಸುವವರು ಅಧಿಕಾರಿಗಳೇ. ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತ, ಪಾಲಿಕೆಯಲ್ಲಿ ಆಯುಕ್ತ. ನೀರು, ಕಸ, ಬೀದಿದೀಪ, ಖಾತೆ ಯಾವುದೂ ಅಧ್ಯಕ್ಷರ ಆಯ್ಕೆಗೆ ಕಾಯಬೇಕಾಗಿಲ್ಲ.

4. ಮತ ಹಾಕುವವರ ಪಟ್ಟಿ ತರಿಸಿಕೊಳ್ಳಿ

ಪೇಪರಿನಲ್ಲಿ ಬರುವುದು ಪಕ್ಷಗಳ ಬಲಾಬಲ. ಅಷ್ಟನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ವಾರ್ಡಿನಿಂದ ಗೆದ್ದವರ ಜೊತೆಗೆ ಆ ಭಾಗದ ಸಂಸದರು, ಶಾಸಕರೂ ಮತ ಹಾಕುತ್ತಾರೆ. ರಾಜ್ಯಸಭೆ ಮತ್ತು ವಿಧಾನ ಪರಿಷತ್ ಸದಸ್ಯರಾದರೆ, ಆ ಊರಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇರಬೇಕು. ಸರ್ಕಾರ ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಇದಕ್ಕೆಲ್ಲ ಬುಡ ಸಂವಿಧಾನದ 243ಆರ್ ವಿಧಿ.

2015ರ ಬೆಂಗಳೂರು ನೋಡಿ. 198 ವಾರ್ಡುಗಳಲ್ಲಿ ಬಿಜೆಪಿ 100 ಗೆದ್ದಿತ್ತು. ಸ್ಪಷ್ಟ ಬಹುಮತ ಅಂತ ಎಲ್ಲರೂ ಅಂದುಕೊಂಡರು. ಆದರೆ ಶಾಸಕರು, ಸಂಸದರು, ಪರಿಷತ್ ಸದಸ್ಯರನ್ನೂ ಪಕ್ಷೇತರರನ್ನೂ ಸೇರಿಸಿ ಎಣಿಸಿದಾಗ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಟ ಮುಂದಾಯಿತು. ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ ಮೇಯರ್ ಆದರು.

ಕಲಬುರಗಿಯದ್ದು ಇದಕ್ಕಿಂತ ನೋವಿನ ಕಥೆ. 2021ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಬಂತು. 55 ವಾರ್ಡುಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23. ಆಮೇಲೆ ಕೆಲವು ವಿಧಾನ ಪರಿಷತ್ ಸದಸ್ಯರ ಹೆಸರು ಅಲ್ಲಿನ ಮತದಾರರ ಪಟ್ಟಿಗೆ ಸೇರಿದ್ದು ಸರಿಯಾ ತಪ್ಪಾ ಅನ್ನುವ ಜಗಳ ಹೈಕೋರ್ಟ್ ಹತ್ತಿತು. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ, ಅದೂ ಒಂದೇ ಮತದ ಅಂತರದಲ್ಲಿ: ಬಿಜೆಪಿಯ ವಿಶಾಲ ದರ್ಗಿಗೆ 33, ಎದುರಾಳಿಗೆ 32. ವೋಟು ಹಾಕಿದ ಜನ ಒಂದೂವರೆ ವರ್ಷ ಮೇಯರ್ ಇಲ್ಲದೆ ಕಾದರು. ಊರಿಗೆ ಊರೇ ಕಾಯುವಂತಾಗಿದ್ದು ಬೆರಳೆಣಿಕೆಯ ಹೆಸರುಗಳಿಗಾಗಿ. ಇದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ದೆಹಲಿಯಲ್ಲೂ ಇಂಥದ್ದೇ ಆಯಿತು. 2022ರ ಡಿಸೆಂಬರ್‌ನಲ್ಲಿ ಪಾಲಿಕೆ ಚುನಾವಣೆ ಮುಗಿದರೂ ನಾಮಕರಣ ಸದಸ್ಯರು ಮತ ಹಾಕಬಹುದಾ ಅನ್ನುವ ಗಲಾಟೆಯಲ್ಲಿ ಮೂರು ಸಲ ಸಭೆ ಮುರಿದುಬಿತ್ತು. ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 17ರಂದು ಹೇಳಿತು. ಐದೇ ದಿನದಲ್ಲಿ ಶೆಲ್ಲಿ ಒಬೆರಾಯ್ ಮೇಯರ್ ಆದರು.

ಹಾಗಾಗಿ ಆಯ್ಕೆಯ ದಿನಾಂಕ ಗೊತ್ತಾದ ಕೂಡಲೇ ಆ ಆಯ್ಕೆಯಲ್ಲಿ ಮತ ಹಾಕುವವರ ಪಟ್ಟಿ ಎಲ್ಲಿದೆ, ಯಾರು ಸಹಿ ಹಾಕಿದ್ದಾರೆ, ಹೊಸದಾಗಿ ಯಾರ ಹೆಸರು ಸೇರಿದೆ ಅಂತ ಕೇಳಿ. ಸದಸ್ಯರ ರೆಸಾರ್ಟ್ ಯಾತ್ರೆಯ ಸುದ್ದಿಗಿಂತ ಈ ಒಂದು ಹಾಳೆ ನಿಮಗೆ ಜಾಸ್ತಿ ಹೇಳುತ್ತದೆ.

5. ಅವಿಶ್ವಾಸದ ಲೆಕ್ಕ

ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷರನ್ನು ಇಳಿಸುವ ಮಾಮೂಲಿ ದಾರಿ ಇದು. 1964ರ ಕಾಯ್ದೆಯ 42ನೇ ಕಲಮಿನಲ್ಲಿದೆ. ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಮೂರನೇ ಒಂದರಷ್ಟು ಜನ ಸಹಿ ಹಾಕಬೇಕು. ಆಮೇಲೆ ಅದಕ್ಕೆಂದೇ ಕರೆದ ವಿಶೇಷ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೆಂಬಲ ಸಿಗಬೇಕು.

ಒಂದು ಉದಾಹರಣೆ ಹಾಕಿ ನೋಡೋಣ. ಲೆಕ್ಕಕ್ಕೆ 31 ಸದಸ್ಯರು ಅಂದುಕೊಳ್ಳಿ. ನೋಟಿಸಿಗೆ 11 ಸಹಿ ಬೇಕು. ಗೊತ್ತುವಳಿ ಪಾಸಾಗಲು 21 ಮತ ಬೇಕು. ಸಭೆಗೆ 25 ಜನ ಬಂದು 20 ಜನ ಅಧ್ಯಕ್ಷರ ವಿರುದ್ಧ ಕೈ ಎತ್ತಿದರೂ ಗೊತ್ತುವಳಿ ಬಿದ್ದುಹೋಗುತ್ತದೆ. ಯಾಕೆಂದರೆ ಲೆಕ್ಕ ಬಂದವರದ್ದಲ್ಲ, ಒಟ್ಟು ಸದಸ್ಯರದ್ದು. ಅಧ್ಯಕ್ಷರಿಗೆ 11 ಜನರನ್ನು ಸಭೆಯಿಂದ ದೂರ ಇಟ್ಟುಕೊಂಡರೆ ಸಾಕು, ಕುರ್ಚಿ ಉಳಿಯುತ್ತದೆ. ಗೈರುಹಾಜರಿಯೂ ಅಧ್ಯಕ್ಷರ ಪರವಾದ ಒಂದು ಮತ ಇದ್ದಂತೆ, ಅಲ್ವಾ? "ನಮ್ಮ ಮೆಂಬರು ಮೀಟಿಂಗಿಗೆ ಹೋಗಲಿಲ್ಲ, ಯಾರ ಪರವೂ ಅಲ್ಲ" ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿಸಿಕೊಳ್ಳಿ. ನಿಮ್ಮ ವಾರ್ಡಿನ ಸದಸ್ಯರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದಾರಾ ಅಂತ ಕೇಳುವ ಹಕ್ಕು ನಿಮಗಿದೆ.

6. ಒಳ ಒಪ್ಪಂದಕ್ಕೆ ಬೆಲೆ ಇಲ್ಲ, ವಿಪ್‌ಗೆ ಇದೆ

"ಮೊದಲ ಹದಿನೈದು ತಿಂಗಳು ಇವರು, ಆಮೇಲೆ ಅವರು" ಅಂತ ಪಕ್ಷದೊಳಗೆ ಮಾತಾಗಿರುತ್ತದೆ. ಹದಿನೈದು ತಿಂಗಳು ಮುಗಿದ ಮೇಲೆ ಕೂತವರು ಏಳುವುದಿಲ್ಲ. ನಮ್ಮ ರಾಜ್ಯದ ಪುರಸಭೆ ಜಗಳಗಳಲ್ಲಿ ಇದು ತೀರಾ ಸಾಮಾನ್ಯ. ಆ ಮಾತುಕತೆಗೆ ಕಾಯ್ದೆಯಲ್ಲಿ ಯಾವ ಜಾಗವೂ ಇಲ್ಲ. ಅಧ್ಯಕ್ಷರು ತಾವಾಗಿ ಜಿಲ್ಲಾಧಿಕಾರಿಗೆ ರಾಜೀನಾಮೆ ಬರೆದುಕೊಡಬೇಕು, ಇಲ್ಲವೇ ಅವಿಶ್ವಾಸದಲ್ಲಿ ಸೋಲಬೇಕು. ಪಕ್ಷದ ಮುಖಂಡರ ಕೈಗೆ ಕೊಟ್ಟ ರಾಜೀನಾಮೆ ಪತ್ರ ಪಕ್ಷದ ವಿಷಯ. ಸರಿಯಾದ ಅಧಿಕಾರಿಗೆ ತಲುಪುವ ತನಕ ಅದು ರಾಜೀನಾಮೆಯೇ ಅಲ್ಲ. "ರಾಜೀನಾಮೆ ಕೊಟ್ಟಿದ್ದಾರೆ" ಅಂತ ಕೇಳಿದಾಗ "ಯಾರ ಕೈಗೆ?" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ವಿಪ್, ಅಂದರೆ ಹೀಗೇ ಮತ ಹಾಕಬೇಕು ಅಂತ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ, ಹಾಗಲ್ಲ. 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ದೂರು, ನೋಟಿಸು, ವಿಚಾರಣೆ, ಆದೇಶ ಎಲ್ಲ ಆಗಬೇಕು. ಅಲ್ಲಿಯವರೆಗೆ ಅವರು ಸದಸ್ಯರೇ. ಅವರು ಹಾಕಿದ ಮತವೂ ಆ ದಿನದ ಎಣಿಕೆಗೆ ಸೇರುತ್ತದೆ. ವಿಪ್ ನಿಜವಾಗಿ ಕೈಗೆ ಮುಟ್ಟಿತ್ತಾ, ಯಾವತ್ತು ಮುಟ್ಟಿತು ಅನ್ನುವುದರ ಮೇಲೆಯೇ ಇಂಥ ಕೇಸುಗಳು ವರ್ಷಗಟ್ಟಲೆ ನಡೆಯುತ್ತವೆ.

7. ಆಯ್ಕೆಯ ದಿನ

ಪಾಲಿಕೆಯಾದರೆ ಪ್ರಾದೇಶಿಕ ಆಯುಕ್ತರು ಚುನಾವಣೆ ನಡೆಸುತ್ತಾರೆ. ಸಣ್ಣ ಊರುಗಳಲ್ಲಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ. ನಮ್ಮಲ್ಲಿ ಕೈ ಎತ್ತಿ ಮತ ಹಾಕುವುದು ರೂಢಿ. ಇದು ಒಳ್ಳೆಯದೇ. ಯಾರು ಯಾರ ಪರ ಅಂತ ಊರಿಗೆ ಗೊತ್ತಾಗುತ್ತದೆ.

ನಾಮಪತ್ರದ ಹಂತವನ್ನು ಮಾತ್ರ ಸಣ್ಣದು ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಉಪಮೇಯರ್ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಗಿತ್ತು. ಒಬ್ಬ ಅಭ್ಯರ್ಥಿ ಜಾತಿ ಪ್ರಮಾಣಪತ್ರ ಕೊಡಲಿಲ್ಲ ಅಂತ ನಾಮಪತ್ರ ತಿರಸ್ಕಾರವಾಯಿತು, ಫಲಿತಾಂಶವೇ ಬದಲಾಯಿತು.

ಚುನಾವಣಾಧಿಕಾರಿಯೇ ತಪ್ಪು ಮಾಡಿದರೆ? 2024ರ ಜನವರಿ 30ರಂದು ಚಂಡೀಗಢದಲ್ಲಿ ಹಾಗೇ ಆಯಿತು. ಅಲ್ಲಿ ಆಗ ಮತಪತ್ರದ ಪದ್ಧತಿ ಇತ್ತು. ಅಧಿಕಾರಿ ಎಂಟು ಮತಪತ್ರಗಳು ಅಸಿಂಧು ಅಂದರು, ಬಿಜೆಪಿ ಅಭ್ಯರ್ಥಿ ಗೆದ್ದರು ಅಂತ ಘೋಷಿಸಿದರು. ಆದರೆ ಅವರೇ ಆ ಹಾಳೆಗಳ ಮೇಲೆ ಗೀಚುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಸುಪ್ರೀಂ ಕೋರ್ಟ್ ಮತಪತ್ರಗಳನ್ನು ತರಿಸಿ ತಾನೇ ನೋಡಿತು. ಫೆಬ್ರವರಿ 20ರಂದು ಎದುರಾಳಿ ಕುಲದೀಪ್ ಕುಮಾರ್ ಅವರೇ ಮೇಯರ್ ಅಂತ ಘೋಷಿಸಿತು. ವಿಡಿಯೊ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ನಿಮ್ಮ ಊರಿನ ಆಯ್ಕೆ ಸಭೆಯ ಪೂರ್ತಿ ವಿಡಿಯೊ ಚಿತ್ರೀಕರಣ ಆಗಲಿ ಅಂತ ಮೊದಲೇ ಬರೆದುಕೊಡಿ.

8. ಗಡಿಯಾರ ಯಾವಾಗ ಶುರುವಾಗುತ್ತದೆ?

ಸಂವಿಧಾನದ 243ಯು ವಿಧಿ ಪ್ರಕಾರ ನಗರದ ಕೌನ್ಸಿಲ್‌ಗೆ ಐದು ವರ್ಷ. ಆದರೆ ಎಣಿಕೆ ಶುರುವಾಗುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಇದು ಸಣ್ಣ ವಿಷಯದ ಹಾಗೆ ಕಾಣಿಸುತ್ತದೆ. ಆದರೆ ಅಧ್ಯಕ್ಷರ ಆಯ್ಕೆಯನ್ನು ಮುಂದೂಡುವ ಎಲ್ಲ ಆಟ ಇಲ್ಲೇ ಇದೆ. ಮೊದಲ ಸಭೆಯೇ ನಡೆಯದಿದ್ದರೆ ಅವಧಿ ಓಡುವುದೇ ಇಲ್ಲ. ಗೆದ್ದವರಿಗೆ ನಷ್ಟವಿಲ್ಲ, ಕಳೆದುಕೊಳ್ಳುವವರು ನಾವು.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಬಹುತೇಕ ಕಡೆ ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ಕೊನೆಯಲ್ಲಿ. ಅವರ 30 ತಿಂಗಳು 2023ರ ಮಧ್ಯಕ್ಕೆ ಮುಗಿಯಿತು. ಎರಡನೇ ಸರದಿಯ ಮೀಸಲಾತಿ ಪ್ರಕಟವಾಗಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯತನಕ ಆಡಳಿತಾಧಿಕಾರಿಗಳೇ ಗತಿ. ಗೆದ್ದ ಸದಸ್ಯರು ಊರಲ್ಲೇ ಇದ್ದರು, ಆದರೆ ಅಧ್ಯಕ್ಷರಿಲ್ಲ, ಜನ ಹೋಗಿ ಕೇಳಲು ಸಭೆಗಳೂ ಇಲ್ಲ.

ಬೆಂಗಳೂರು ಇನ್ನೂ ಉದ್ದ ಕಾದಿದೆ. ಗೌತಮ್ ಕುಮಾರ್ ಮೇಯರ್ ಆಗಿದ್ದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಅಲ್ಲಿಗೆ ಮೇಯರ್ ಬರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಅದೇ 243ಯು ಹೇಳುತ್ತದೆ. ಕೌನ್ಸಿಲ್ ವಿಸರ್ಜನೆಯಾಗಿದ್ದರೆ ಆರು ತಿಂಗಳೊಳಗೆ. ಕೋಟಿಗಟ್ಟಲೆ ಜನರ ಊರಿಗೇ ಹೀಗಾದರೆ ಇಪ್ಪತ್ತು ಸಾವಿರ ಜನರ ಪುರಸಭೆಯ ಗತಿ ಏನು?

ನಿಮ್ಮ ಊರಿನ ಕೌನ್ಸಿಲ್‌ನ ಮೊದಲ ಸಭೆಯ ದಿನಾಂಕ ಬರೆದಿಟ್ಟುಕೊಳ್ಳಿ. ಅದಕ್ಕೆ 30 ತಿಂಗಳು ಸೇರಿಸಿ, ಆಮೇಲೆ ಐದು ವರ್ಷ ಸೇರಿಸಿ. ಎರಡೂ ದಿನಾಂಕಕ್ಕೆ ಆರು ತಿಂಗಳು ಮುಂಚೆಯೇ ಮೀಸಲಾತಿ ಅಧಿಸೂಚನೆ ಎಲ್ಲಿಗೆ ಬಂತು ಅಂತ ಕೇಳಲು ಶುರುಮಾಡಿ.

9. ಕೋರ್ಟಿನ ತಡೆಯಾಜ್ಞೆ ಬಂದರೆ

"ಸ್ಟೇ ಬಂದಿದೆ" ಅನ್ನುವ ಮಾತಿಗೆ ನಿಲ್ಲಬೇಡಿ. ಯಾವುದಕ್ಕೆ ಸ್ಟೇ? ಮೀಸಲಾತಿ ಪಟ್ಟಿಗಾ, ಅವಿಶ್ವಾಸ ಸಭೆಗಾ, ಫಲಿತಾಂಶ ಘೋಷಣೆಗಾ, ಅನರ್ಹತೆ ಆದೇಶಕ್ಕಾ? ಎಷ್ಟೋ ಸಲ ಕೋರ್ಟು ಆಯ್ಕೆ ನಡೆಯಲಿ, ಫಲಿತಾಂಶ ಅಂತಿಮ ತೀರ್ಪಿಗೆ ಒಳಪಡಲಿ ಅಂತ ಬಿಟ್ಟಿರುತ್ತದೆ. ಆದೇಶ ಹೈಕೋರ್ಟ್ ಜಾಲತಾಣದಲ್ಲಿ ಸಿಗುತ್ತದೆ. ಕೇಸ್ ನಂಬರ್ ಒಂದಿದ್ದರೆ ಸಾಕು.

10. ನಿಮ್ಮ ಕೆಲಸ ನಿಲ್ಲದಂತೆ ನೋಡಿಕೊಳ್ಳಿ

ಸಕಾಲ ಪಟ್ಟಿಯಲ್ಲಿರುವ ಸೇವೆ ಆದರೆ ಅರ್ಜಿ ಕೊಟ್ಟು ಜಿಎಸ್‌ಸಿ ಸಂಖ್ಯೆ (ಅರ್ಜಿಯ ಸ್ವೀಕೃತಿ ಸಂಖ್ಯೆ) ಪಡೆಯಿರಿ. ಅಲ್ಲಿ ದಿನಗಳ ಗಡುವು ಇದೆ, ಅಧ್ಯಕ್ಷರು ಇದ್ದಾರಾ ಇಲ್ವಾ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯ ಸಭೆಯ ಒಪ್ಪಿಗೆ ಬೇಕಾದ ಕೆಲಸ ಆದರೆ ಪ್ರಭಾರದಲ್ಲಿ ಇರುವವರ ಹುದ್ದೆಗೇ ಅರ್ಜಿ ಬರೆಯಿರಿ.

ಮಾಹಿತಿ ಹಕ್ಕಿನಡಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಬೇಡಿ. ನಾನು ಬರೆಯುವ ರೀತಿ ಇದು, ಬೇಕಿದ್ದರೆ ನಕಲು ಮಾಡಿಕೊಳ್ಳಿ:

"ಮಾನ್ಯರೇ, ನಮ್ಮ ಪುರಸಭೆಯ ಅಧ್ಯಕ್ಷರ ಸ್ಥಾನ ಖಾಲಿ ಇರುವ ವಿಷಯಕ್ಕೆ ಸಂಬಂಧಿಸಿ ಈ ದಾಖಲೆಗಳ ಪ್ರತಿ ಕೊಡಿ. ಒಂದು, ಸ್ಥಾನ ಖಾಲಿಯಾದ ದಿನಾಂಕ ತೋರಿಸುವ ಪತ್ರ. ಎರಡು, ಈಗ ಅಧ್ಯಕ್ಷರ ಅಧಿಕಾರ ಚಲಾಯಿಸುತ್ತಿರುವವರಿಗೆ ನೀಡಿದ ಪ್ರಭಾರ ಆದೇಶ. ಮೂರು, ಹೊಸ ಆಯ್ಕೆಗಾಗಿ ಜಿಲ್ಲಾಧಿಕಾರಿ ಕಚೇರಿಯ ಜೊತೆ ನಡೆದ ಪತ್ರ ವ್ಯವಹಾರ. ನಾಲ್ಕು, ಸ್ಥಾನ ಖಾಲಿಯಾದ ನಂತರ ನಡೆದ ಸಭೆಗಳ ನಡಾವಳಿ."

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅರ್ಜಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ತಾರೀಖು ಮತ್ತು ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.